ಫೋರ್ಕ್ ನಾಣ್ಯಕ್ಕೆ ಕೋರ್ 24: ಕಾನ್‌ಫ್ಲಿಕ್ಟ್ ತೋರಿಸದ ಜಾಗಗಳು

ನಮ್ಮದು ಬಿಟ್‌ಕಾಯಿನ್‌ನ ಮುಖ್ಯ ತಂತ್ರಾಂಶ ಬಿಟ್‌ಕಾಯಿನ್ ಕೋರ್‌ನ 22ನೇ ಆವೃತ್ತಿಯಿಂದ ಫೋರ್ಕ್ ಆದ (ಅದರ ಕೋಡ್ ನಕಲಿಸಿ ಬದಲಿಸಿಕೊಂಡ) ಸಣ್ಣ ನಾಣ್ಯ. ಅದಕ್ಕೆ ಕೋರ್ 24ರ ಕೋಡನ್ನು ಮರ್ಜ್ ಮಾಡಿದ (ಬೆರೆಸಿದ) ಅನುಭವ ಇದು. ಕಾನ್‌ಫ್ಲಿಕ್ಟ್ ಎಂದರೆ ಎರಡೂ ಕಡೆ ಬದಲಾಗಿ, ಕೋಡ್ ಆವೃತ್ತಿ ನೋಡಿಕೊಳ್ಳುವ ಗಿಟ್ ತಾನಾಗಿ ಬೆರೆಸಲಾಗದ ಸಾಲು. ಮೈನಿಂಗ್‌ನ ಹ್ಯಾಶ್ ಎಸ್‌ಕ್ರಿಪ್ಟ್, ಡಿಫಿಕಲ್ಟಿ (ಮೈನಿಂಗ್‌ನ ಕಷ್ಟದ ಮಟ್ಟ) ಪ್ರತಿ ಬ್ಲಾಕ್‌ಗೂ ಬದಲಾಗುತ್ತದೆ, ಬಿಟ್‌ಕಾಯಿನ್‌ನ ಹೊಸ ಸ್ಕ್ರಿಪ್ಟ್ ನಿಯಮವಾದ ಟ್ಯಾಪ್‌ರೂಟ್ ಇನ್ನೂ ಜಾರಿಯಲ್ಲಿಲ್ಲ.

ಬಿಡುಗಡೆಯ ಟ್ಯಾಗನ್ನು ಮುಖ್ಯ ಶಾಖೆಗೆ ಮರ್ಜ್ ಮಾಡಬೇಡಿ. ಅದರಲ್ಲಿರುವ ಬ್ಯಾಕ್‌ಪೋರ್ಟ್‌ಗಳು (ಬಿಡುಗಡೆಯ ಶಾಖೆಗೆ ನಕಲಿಸಿದ ತಿದ್ದುಪಡಿಗಳು) ಅಪ್‌ಸ್ಟ್ರೀಮ್‌ನ, ಅಂದರೆ ಮೂಲ ಕೋರ್‌ನ, ಮುಖ್ಯ ಶಾಖೆಯಲ್ಲಿ ಬೇರೆ ಕಮಿಟ್‌ಗಳಾಗಿರುತ್ತವೆ. ಮುಂದಿನ ಸಲ ಅದೇ ಸಾಲುಗಳು ಮತ್ತೆ ಬಂದು ಡಿಕ್ಕಿ ಹೊಡೆಯುತ್ತವೆ. ಗಿಟ್ ಮರ್ಜ್-ಬೇಸ್‌ಗೆ 23.0, 24.0 ಎರಡೂ ಟ್ಯಾಗ್ ಕೊಟ್ಟರೆ 23ರ ಶಾಖೆ ಒಡೆದ ಕಮಿಟ್ ಸಿಗುತ್ತದೆ. ಮೊದಲು ಅದು, ಟೆಸ್ಟ್ ಎಲ್ಲ ಪಾಸಾದ ಮೇಲೆ 24ರದು. ಬಿಡಿಸಿದ ರೀತಿಯನ್ನು ನೆನಪಿಡುವ ಗಿಟ್‌ನ ರೆರೆರೆ (rerere) ಆನ್ ಇಟ್ಟರೆ ಒಮ್ಮೆ ಬಿಡಿಸಿದ ಕಾನ್‌ಫ್ಲಿಕ್ಟನ್ನು ಮತ್ತೆ ಕೈಯಿಂದ ಬಿಡಿಸಬೇಕಿಲ್ಲ.

ಗಿಟ್ ತೋರಿಸುವ ಕಾನ್‌ಫ್ಲಿಕ್ಟ್‌ಗಳಲ್ಲಿ ಹೆಚ್ಚಿನವು ನಾವು ಹೆಸರು ಬದಲಿಸಿದ ಸಾಲುಗಳೇ. ನಾಣ್ಯದ ನಿಯತಾಂಕಗಳಿರುವ ಚೈನ್‌ಪ್ಯಾರಮ್ಸ್ ಫೈಲ್ ಒಂದರಲ್ಲಿ ಮಾತ್ರ ಎಚ್ಚರ ಬೇಕು: ಮಿನಿಮಮ್ ಚೈನ್ ವರ್ಕ್‌ಗೆ (ಸರಪಳಿಯಲ್ಲಿ ಇರಲೇಬೇಕಾದ ಒಟ್ಟು ಮೈನಿಂಗ್ ಕೆಲಸ) ಬಿಟ್‌ಕಾಯಿನ್‌ನ ಅಂಕಿ ಉಳಿದರೆ ನಮ್ಮ ಸರಪಳಿ ಆ ಮಟ್ಟ ಮುಟ್ಟುವುದೇ ಇಲ್ಲ, ನೋಡ್ (ಜಾಲದ ಕಂಪ್ಯೂಟರ್) ಸದಾ ಆರಂಭಿಕ ಡೌನ್‌ಲೋಡ್ ಸ್ಥಿತಿಯಲ್ಲೇ ಇರುತ್ತದೆ.

ನಿಜವಾದ ಅಪಾಯ ಸದ್ದಿಲ್ಲದೆ ಒಳಬರುವ ಹೊಸ ಕೋಡಿನದು. 24ರ ಹೆಡರ್ ಪ್ರೀಸಿಂಕ್ (ಬ್ಲಾಕ್‌ಗಳ ತಲೆಬರಹಗಳನ್ನು ಉಳಿಸಿಕೊಳ್ಳುವ ಮುನ್ನ ಒಮ್ಮೆ ಪರೀಕ್ಷಿಸುವ ಹಂತ) ಜೊತೆ ಬಂದ ಪರ್ಮಿಟೆಡ್‌ಡಿಫಿಕಲ್ಟಿಟ್ರಾನ್ಸಿಷನ್ ಫಂಕ್ಷನ್, 2016 ಬ್ಲಾಕ್‌ಗೊಮ್ಮೆ ಬಿಟ್ಟರೆ ಡಿಫಿಕಲ್ಟಿ ಬದಲಾಗಕೂಡದು ಎನ್ನುತ್ತದೆ. ನಮ್ಮಲ್ಲಿ ಎರಡನೇ ಹೆಡರ್‌ಗೇ ತಕರಾರು ಬರಬಹುದು. ಸುಮ್ಮನೆ ಟ್ರೂ ಎಂದು ಹಿಂದಿರುಗಿಸಿದರೆ ಸಿಂಕ್ ಆಗುತ್ತದೆ, ಕಾವಲು ಹೋಗುತ್ತದೆ. ನಿಮ್ಮ ಅಲ್ಗಾರಿದಮ್ ಒಂದು ಬ್ಲಾಕ್‌ನಲ್ಲಿ ಎಷ್ಟು ಏರಿಳಿಸಬಲ್ಲದೋ ಆ ಮಿತಿಯನ್ನೇ ಅಲ್ಲಿ ಬರೆಯಿರಿ. ಹ್ಯಾಸ್‌ವ್ಯಾಲಿಡ್‌ಪ್ರೂಫ್‌ಆಫ್‌ವರ್ಕ್ ಕೂಡ ಹೊಸದು. ಅದು ಬಿಟ್‌ಕಾಯಿನ್‌ನ ಹ್ಯಾಶ್ ಕೊಡುವ ಗೆಟ್‌ಹ್ಯಾಶ್ ಕರೆಯುತ್ತದೆ. ಎಸ್‌ಕ್ರಿಪ್ಟ್ ನಾಣ್ಯಕ್ಕೆ ಬೇಕಾದದ್ದು ಎಸ್‌ಕ್ರಿಪ್ಟ್ ಹ್ಯಾಶ್ ಕೊಡುವ ಗೆಟ್‌ಪಿಒಡಬ್ಲ್ಯುಹ್ಯಾಶ್. ಬದಲಿಸದಿದ್ದರೆ ಪ್ರಾಮಾಣಿಕ ಪಿಯರ್‌ಗಳೆಲ್ಲ ತಪ್ಪಿತಸ್ಥರಂತೆ ಕಂಡು ಸಂಪರ್ಕ ಕಡಿಯುತ್ತದೆ. ಚೆಕ್‌ಪ್ರೂಫ್‌ಆಫ್‌ವರ್ಕ್ ಬರುವ ಪ್ರತಿ ಸಾಲನ್ನೂ ಗ್ರೆಪ್ ಮಾಡಿ (ಹುಡುಕಿ) ಕಣ್ಣಾರೆ ನೋಡಿ.

ಇವೆಲ್ಲಕ್ಕಿಂತ ಗಂಭೀರವಾದದ್ದು, ಯಾವ ಬ್ಲಾಕ್‌ಗೆ ಯಾವ ಸ್ಕ್ರಿಪ್ಟ್ ನಿಯಮ ಎಂದು ತೀರ್ಮಾನಿಸುವ ಗೆಟ್‌ಬ್ಲಾಕ್‌ಸ್ಕ್ರಿಪ್ಟ್‌ಫ್ಲ್ಯಾಗ್ಸ್. ಈಗ ಅದು ಟ್ಯಾಪ್‌ರೂಟ್ ಫ್ಲ್ಯಾಗನ್ನು ಜೆನೆಸಿಸ್‌ನಿಂದಲೇ (ಮೊದಲ ಬ್ಲಾಕ್‌ನಿಂದಲೇ) ಹಚ್ಚುತ್ತದೆ, ಬಿಟ್‌ಕಾಯಿನ್‌ನ ಕೆಲವು ಬ್ಲಾಕ್‌ಗಳಿಗಷ್ಟೇ ವಿನಾಯಿತಿ. ಹಾಗೇ ಬಿಟ್ಟರೆ ಯಾರಿಗೂ ಹೇಳದೆ ಸಾಫ್ಟ್ ಫೋರ್ಕ್ ಮಾಡಿದಂತೆ, ಅಂದರೆ ಜಾಲದ ನಿಯಮ ಬಿಗಿಗೊಳಿಸಿದಂತೆ.

ಪರೀಕ್ಷೆಗೆ ರೀಇಂಡೆಕ್ಸ್ (ಡಿಸ್ಕ್‌ನಲ್ಲಿರುವ ಬ್ಲಾಕ್‌ಗಳನ್ನೇ ಮತ್ತೆ ಓದಿಸುವುದು) ಸಾಲದು, ಅದು ಪ್ರೀಸಿಂಕ್ ದಾರಿಯನ್ನು ಮುಟ್ಟುವುದಿಲ್ಲ. ಧಾರವಾಡ ಮತ್ತು ಗದಗಿನಲ್ಲಿ ಹಳೆಯ ಆವೃತ್ತಿಯ ನೋಡ್ ಇಟ್ಟು, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹೊಸದನ್ನು ಖಾಲಿ ಫೋಲ್ಡರ್‌ನಿಂದ, ಅಸ್ಯೂಮ್‌ವ್ಯಾಲಿಡ್ (ಒಂದು ಬ್ಲಾಕ್‌ವರೆಗೆ ಎಲ್ಲ ಸರಿ ಎಂದು ನಂಬುವ ಆಯ್ಕೆ) 0 ಕೊಟ್ಟು ಸಿಂಕ್ ಮಾಡಿದೆವು. 0 ಕೊಡದಿದ್ದರೆ ಹಳೆಯ ಬ್ಲಾಕ್‌ಗಳ ಸ್ಕ್ರಿಪ್ಟ್ ತಪಾಸಣೆಯೇ ನಡೆಯದೆ ಟ್ಯಾಪ್‌ರೂಟ್ ತಪ್ಪು ಅಡಗಿ ಕೂರುತ್ತದೆ. ಆಮೇಲೆ ಒಂದೇ ಎತ್ತರದಲ್ಲಿ ಗೆಟ್‌ಟಿಎಕ್ಸ್‌ಔಟ್‌ಸೆಟ್‌ಇನ್ಫೋ ಆಜ್ಞೆಯ ಮುಹ್ಯಾಶ್ (ಖರ್ಚಾಗದ ನಾಣ್ಯಗಳ ಪಟ್ಟಿಯ ಬೆರಳಚ್ಚು) ಮೂರೂ ಊರಿನಲ್ಲಿ ತಾಳೆಯಾಗಬೇಕು. ಹೊಸ ನೋಡ್‌ನಲ್ಲಿ ಮೈನ್ ಮಾಡಿದ ಬ್ಲಾಕನ್ನು ಹಳೆಯವು ಒಪ್ಪಿದ ಮೇಲಷ್ಟೇ ಮೈನರ್‌ಗಳ ಕೈಗೆ ಬೈನರಿ ಕೊಟ್ಟೆವು.