ಹಳೆಯ ಥೆರಪಿಸ್ಟ್‌ಗೆ ಕಾಗದ ಬರೆಯುವುದು ಹೇಗೆ?

ಮನಸ್ಸಿನ ನೋವಿಗೆ ಪಡೆಯುತ್ತಿದ್ದ ಥೆರಪಿ ನಿಂತು ತಿಂಗಳುಗಳಾದರೂ ಥೆರಪಿಸ್ಟ್ ಮೇಲೆ ಒಂದು ಸಿಟ್ಟು ಒಳಗೇ ಕೂತಿರುತ್ತದೆ. ಜೊತೆಗೆ ಅವರ ನೆನಪೂ ಕಾಡುತ್ತಿರುತ್ತದೆ. ಇದಕ್ಕೆ ನಾಚಿಕೊಳ್ಳಬೇಕಿಲ್ಲ. ಹತ್ತಿರದವರ ಮೇಲಿನ ಭಾವನೆಗಳು ಚಿಕಿತ್ಸೆ ಕೊಡುವವರ ಕಡೆ ತಿರುಗುವ ಬಗ್ಗೆ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1912ರಲ್ಲೇ ಪ್ರಬಂಧ ಬರೆದಿದ್ದರು.

ಮೊದಲು ಬರೆಯಬೇಕಾದದ್ದು ಕಳಿಸದೇ ಇರುವ ಕಾಗದ. ಇಮೇಲ್ ತೆರೆದು ಕೂರಬೇಡಿ, ಸೆಂಡ್ ಬಟನ್ ಬೆರಳಿಗೆ ತೀರಾ ಹತ್ತಿರ! ಬೈಗುಳ, ಅಳು, ಅಸೂಯೆ ಎಲ್ಲ ಬರಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ 1986ರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ನೋವಿನ ಬಗ್ಗೆ ದಿನಕ್ಕೆ 15 ನಿಮಿಷದಂತೆ 4 ದಿನ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಲಾಭ ಕಂಡಿದ್ದು ಆಮೇಲಿನ ತಿಂಗಳುಗಳಲ್ಲಿ. ಹಾಗಾಗಿ ಬರೆದ ರಾತ್ರಿಯೇ ಯಾವ ತೀರ್ಮಾನಕ್ಕೂ ಬರಬೇಡಿ.

ಒಂದೆರಡು ವಾರ ಬಿಟ್ಟು ಓದಿ. ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತದೆ. ಕಳಿಸಲೇಬೇಕು ಅನ್ನಿಸಿದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಉತ್ತರವೇ ಬರದಿದ್ದರೆ ತಡೆದುಕೊಳ್ಳುತ್ತೀನಾ? ವೃತ್ತಿಯ ಗಡಿ ಕಾಯಲು ಅವರು ಎರಡೇ ಸಾಲು ಬರೆಯಬಹುದು, ಏನೂ ಬರೆಯದೆಯೂ ಇರಬಹುದು. ಈ ಮೌನ ಮತ್ತೊಂದು ಪೆಟ್ಟಾಗುವುದಾದರೆ ಕಾಗದ ನಿಮ್ಮಲ್ಲೇ ಇರಲಿ. ಈಗ ಬೇರೆ ಥೆರಪಿಸ್ಟ್ ಇದ್ದರೆ ಅವರೆದುರು ಓದಿ. ನನ್ನ ಪ್ರಕಾರ ಕಳಿಸುವುದಕ್ಕಿಂತ ಅದೇ ಜಾಸ್ತಿ ಉಪಯೋಗ.

ಕಳಿಸುವ ಕಾಗದವನ್ನು ಹೊಸದಾಗಿ ಬರೆಯಿರಿ. ಒಂದು ಪುಟ ಸಾಕು. ‘ನೀವು ನನ್ನನ್ನು ಕೈಬಿಟ್ಟಿರಿ’ ಅಂದರೆ ಅವರಿಗೆ ಏನು ಗೊತ್ತಾಗುತ್ತದೆ? ‘ಕೊನೆಯ ಸೆಷನ್‌ನಲ್ಲಿ ನಾನು ಅಪ್ಪನ ವಿಷಯ ತೆಗೆದೆ. ನೀವು ಗಡಿಯಾರ ನೋಡಿದಿರಿ. ಆಮೇಲೆ ನನಗೆ ಮಾತೇ ಹೊರಡಲಿಲ್ಲ’ ಎಂದು ಬರೆಯಿರಿ. ನಡೆದದ್ದು ಒಂದು ಸಾಲು, ಅನ್ನಿಸಿದ್ದು ಒಂದು ಸಾಲು. ಅವರ ಮನಸ್ಸಿನಲ್ಲಿ ಏನಿತ್ತು ಅಂತ ಊಹಿಸಲು ಹೋಗಬೇಡಿ. ಒಳ್ಳೆಯದು ಮಾಡಿದ್ದರೆ ಅದನ್ನೂ ಹೇಳಿ, ಆದರೆ ಸಿಟ್ಟನ್ನು ಮುಚ್ಚಲು ಸುಮ್ನೆ ಹೊಗಳಬೇಡಿ.

ಉತ್ತರ ಬೇಕೋ ಬೇಡವೋ ಸ್ಪಷ್ಟವಾಗಿ ತಿಳಿಸಿ. ಕ್ಲಿನಿಕ್ ವಿಳಾಸಕ್ಕೇ ಕಳಿಸಿ, ಮನೆಗಲ್ಲ. ಕಾಗದ ನಿಮ್ಮ ಫೈಲ್ ಸೇರಬಹುದು, ಅದು ನೆನಪಿರಲಿ. ಅವರು ಅನುಚಿತವಾಗಿ ನಡೆದುಕೊಂಡಿದ್ದರೆ ಅದು ದೂರು ಕೊಡುವ ವಿಷಯ. ಕಾಗದ ಕಳಿಸುವ ಮೊದಲೇ ತಿಳಿದವರ ಸಲಹೆ ಪಡೆಯಿರಿ. ಸಾಯುವ ಯೋಚನೆ ಬರುತ್ತಿದ್ದರಂತೂ ಕಾಗದ ಬದಿಗಿಡಿ, ಈಗಲೇ ಸಹಾಯವಾಣಿಗೋ ಹತ್ತಿರದವರಿಗೋ ಫೋನ್ ಮಾಡಿ.