ಲ್ಯಾಪ್‌ಟಾಪ್‌ನಲ್ಲಿ ಸೌಂಡ್ ಬರದಿದ್ದರೆ ಎಲ್ಲಿಂದ ಹುಡುಕಬೇಕು

ನಮ್ಮಪ್ಪ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಒಂದು ಸೀಳುನಾಲೆಗೆ ನೀರುಗಂಟಿಯಾಗಿದ್ದರು, ಗದ್ದೆಗಳಿಗೆ ನೀರು ಹಂಚುವ ಕೆಲಸ. ಕೊನೇ ಗದ್ದೆಯವರು "ನೀರು ಬರ್ತಿಲ್ಲ ಕಣಣ್ಣ" ಅಂತ ಬಂದರೆ ಅವರು ತೂಬಿನ ಹತ್ತಿರಕ್ಕೂ ಓಡುತ್ತಿರಲಿಲ್ಲ, ಗದ್ದೆಗೂ ಓಡುತ್ತಿರಲಿಲ್ಲ. ನಾಲೆಯ ನಡುಮಧ್ಯಕ್ಕೆ ಹೋಗಿ ನೋಡುತ್ತಿದ್ದರು. ಅಲ್ಲಿ ನೀರಿದ್ದರೆ ತೊಂದರೆ ಕೆಳಗೆ, ಇಲ್ಲದಿದ್ದರೆ ಮೇಲೆ. ನಾನು ಮಂಡ್ಯದಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ಸೌಂಡ್ ಬರದ ಲ್ಯಾಪ್‌ಟಾಪ್ ಬಂದಾಗಲೆಲ್ಲ ನಾನು ಮಾಡುವುದೂ ಅದನ್ನೇ.

ಇಲ್ಲಿ ನಡುಮಧ್ಯ ಅಂದರೆ ಹೆಡ್‌ಫೋನ್ ಜ್ಯಾಕ್, ಹೆಡ್‌ಫೋನಿನ ಪಿನ್ ಹಾಕುವ ತೂತು. ಸ್ಪೀಕರ್‌ನಲ್ಲಿ ಸೌಂಡಿಲ್ಲ ಅನ್ನುತ್ತೀರಾ? ವೈರ್ ಇರುವ ಹೆಡ್‌ಫೋನ್ ಹಾಕಿ. ಅದರಲ್ಲಿ ಚೆನ್ನಾಗಿ ಕೇಳಿದರೆ ವಿಂಡೋಸ್, ಡ್ರೈವರ್ (ವಿಂಡೋಸ್‌ಗೂ ಚಿಪ್‌ಗೂ ಮಾತುಕತೆ ಮಾಡಿಸುವ ಸಾಫ್ಟ್‌ವೇರ್), ಸೌಂಡ್ ಚಿಪ್ ಎಲ್ಲ ಸಾಮಾನ್ಯವಾಗಿ ಸರಿಯಿರುತ್ತವೆ. ಹೆಚ್ಚಾಗಿ ತೊಂದರೆ ಸ್ಪೀಕರ್‌ನಲ್ಲೋ ಜ್ಯಾಕ್‌ನಲ್ಲೋ ಇರುತ್ತದೆ. ಎರಡರಲ್ಲೂ ಬರದಿದ್ದರೆ ಸೆಟ್ಟಿಂಗ್ ಅಥವಾ ಡ್ರೈವರ್ ನೋಡಬೇಕು. ಈ ಪರೀಕ್ಷೆಗೆ ಬ್ಲೂಟೂತ್ ಹೆಡ್‌ಫೋನ್ ಬೇಡ. ಅದು ಲ್ಯಾಪ್‌ಟಾಪಿನ ಸೌಂಡ್ ಚಿಪ್ಪನ್ನು ಬಳಸುವುದೇ ಇಲ್ಲ, ಹಾಗಾಗಿ ಚಿಪ್ ಸತ್ತಿದ್ದರೂ ಹಾಡುತ್ತದೆ.

ಹೋದ ವರ್ಷ ಒಬ್ಬ ಇಂಜಿನಿಯರಿಂಗ್ ಹುಡುಗ ಸಂಜೆ ಏಳೂವರೆಗೆ ಓಡಿಬಂದ. ಮಾರನೇ ದಿನ ಬೆಳಿಗ್ಗೆ ಆನ್‌ಲೈನ್ ಇಂಟರ್‌ವ್ಯೂ. "ಅಣ್ಣಾ, ಎರಡು ಸಲ ವಿಂಡೋಸ್ ಹೊಸದಾಗಿ ಹಾಕ್ದೆ, ಆದ್ರೂ ಸ್ಪೀಕರ್ ಮಾತಾಡ್ತಿಲ್ಲ." ಹೆಡ್‌ಫೋನ್‌ನಲ್ಲಿ ಮಾತ್ರ ಬರುತ್ತಿತ್ತು. ಅದನ್ನು ಕಿತ್ತ ಮೇಲೂ ಪರದೆಯಲ್ಲಿ ಔಟ್‌ಪುಟ್ ಎಂಬಲ್ಲಿ ಹೆಡ್‌ಫೋನ್ ಅಂತಲೇ ತೋರಿಸುತ್ತಿತ್ತು. ಜ್ಯಾಕ್‌ನೊಳಗೆ ಒಂದು ಸಣ್ಣ ಸ್ಪ್ರಿಂಗ್ ಸ್ವಿಚ್ ಇರುತ್ತದೆ. ಪಿನ್ ಒಳಗೆ ಹೋದರೆ ಅದು ಸರಿದು, ಸ್ಪೀಕರ್ ಬಂದ್ ಮಾಡು ಎಂದು ಹೇಳುತ್ತದೆ. ಧೂಳು ಸೇರಿ ಅದು ಸರಿದ ಜಾಗದಲ್ಲೇ ಕೂತುಬಿಟ್ಟರೆ, ಹೆಡ್‌ಫೋನ್ ಇನ್ನೂ ಇದೆ ಅಂತ ಲ್ಯಾಪ್‌ಟಾಪ್ ನಂಬಿಕೊಂಡಿರುತ್ತದೆ. ಪಿನ್ನನ್ನು ತಿರುಗಿಸುತ್ತ ಹತ್ತು ಹದಿನೈದು ಸಲ ಹಾಕಿ ತೆಗೆದೆ, ಸ್ಪೀಕರ್ ಬಂತು. ಆ ಹುಡುಗನ ಎರಡು ರಾತ್ರಿ, ಒಂದಿಷ್ಟು ಫೋಟೊ ಎಲ್ಲ ಸುಮ್ಮನೆ ಹೋಗಿದ್ದವು. ಅದಕ್ಕೇ ಹೇಳುತ್ತಿದ್ದೇನೆ, ಸೌಂಡ್ ಹೋಯಿತು ಅಂತ ಮೊದಲೇ ಫಾರ್ಮ್ಯಾಟ್ ಮಾಡಬೇಡಿ.

ಪಿನ್ ಹಾಕಿ ತೆಗೆದರೂ ಆ ಸ್ವಿಚ್ ಬಿಡದಿದ್ದರೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಕೈಯಲ್ಲಿ ಒತ್ತುವ ಬ್ಲೋವರ್‌ನಿಂದ ಜ್ಯಾಕ್‌ನೊಳಗೆ ಗಾಳಿ ಬಿಡಿ. ಬಾಯಿಂದ ಊದಿದರೆ ಒಳಗೆ ತೇವ ಹೋಗುತ್ತದೆ. ಗುಂಡುಪಿನ್ನು, ಸೂಜಿ ಹಾಕಿ ಕೆದಕಿದರೆ ಆ ಸ್ಪ್ರಿಂಗೇ ಬಾಗುತ್ತದೆ, ಆಮೇಲೆ ಜ್ಯಾಕ್ ಬದಲಾಯಿಸದೆ ಬೇರೆ ದಾರಿಯಿಲ್ಲ.

ಇನ್ನೊಂದು ದೂರು ಮೊದಮೊದಲು ನನಗೂ ಅರ್ಥವಾಗುತ್ತಿರಲಿಲ್ಲ. "ಹಾಡಲ್ಲಿ ಮ್ಯೂಸಿಕ್ ಬರ್ತದೆ, ಹಾಡೋರ ದನಿ ಮಾತ್ರ ಇಲ್ಲ." ಹೆಡ್‌ಫೋನಿನ ಎಡಕ್ಕೂ ಬಲಕ್ಕೂ ಸೇರಿ ಒಂದೇ ಗ್ರೌಂಡ್ ವೈರ್ ಇರುತ್ತದೆ. ಅದು ತಾಗದಿದ್ದರೆ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವಷ್ಟೇ ಕೇಳಿಸುತ್ತದೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಒಂದೇ ಸಮ ಇಟ್ಟಿರುವುದರಿಂದ ಅದು ಕಳೆದು ಮಾಯವಾಗುತ್ತದೆ. ಪಿನ್ನನ್ನು ಟಕ್ ಅನ್ನುವವರೆಗೆ ಒತ್ತಿ. ಎಷ್ಟೋ ಸಲ ಅಷ್ಟೇ ಸಾಕು. ಮೊಬೈಲ್ ಕವರ್ ಇದ್ದ ಹಾಗೆ ಲ್ಯಾಪ್‌ಟಾಪಿಗೂ ದಪ್ಪ ಕವರ್ ಹಾಕಿದ್ದರೆ ಅದನ್ನು ತೆಗೆದು ನೋಡಿ. ಆಗಲೂ ಬರದೆ, ಹೆಡ್‌ಫೋನಿನ ಮೈಕ್ ಬಟನ್ ಒತ್ತಿ ಹಿಡಿದಾಗ ಮಾತ್ರ ದನಿ ಬಂದರೆ, ಪಿನ್ನಿನ ಜೋಡಣೆಯೇ ನಿಮ್ಮ ಜ್ಯಾಕ್‌ಗೆ ಹೊಂದುತ್ತಿಲ್ಲ.

ಪಿನ್ನಿನ ಮೇಲಿನ ಗೆರೆ ಎಣಿಸಿ. ಎರಡು ಗೆರೆ ಇದ್ದರೆ ಮೈಕ್ ಇಲ್ಲದ್ದು, ಮೂರಿದ್ದರೆ ಮೈಕ್ ಇರುವಂಥದ್ದು. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್‌ಗೂ ಹೆಡ್‌ಫೋನ್‌ಗೂ ಬೇರೆಬೇರೆ ತೂತು. ಮೂರು ಗೆರೆಯ ಪಿನ್ನನ್ನು ಅಲ್ಲಿ ಹಾಕಿದರೆ ಮೈಕ್ ಕೆಲಸ ಮಾಡಲ್ಲ, ಅದಕ್ಕೆ ವೈ ಆಕಾರದ ಸ್ಪ್ಲಿಟರ್ ಬೇಕು.

ಸ್ಪೀಕರ್, ಹೆಡ್‌ಫೋನ್ ಎರಡರಲ್ಲೂ ಸೌಂಡಿಲ್ಲವೇ? ಮೊದಲು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಡ್ರೈವರ್‌ಗಳ ಸ್ಥಿತಿ ಹಾಗೇ ಉಳಿದು ಮತ್ತೆ ಬರುತ್ತದೆ. ಆಮೇಲೆ ಕೆಳಗಿನ ಸ್ಪೀಕರ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಸೌಂಡ್ ಸೆಟ್ಟಿಂಗ್ಸ್ ತೆರೆದು ಔಟ್‌ಪುಟ್ ನೋಡಿ. ಹಿಂದಿನ ದಿನ ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಯಲ್ಲಿ ಸಿನಿಮಾ ನೋಡಿದ್ದರೆ ಸೌಂಡ್ ಟಿವಿಯ ಹೆಸರಿಗೇ ಹೋಗುತ್ತಿರಬಹುದು. ಒಂದೇ ಆ್ಯಪ್‌ನಲ್ಲಿ ಬರದಿದ್ದರೆ ವಾಲ್ಯೂಮ್ ಮಿಕ್ಸರ್‌ನಲ್ಲಿ ಅದೊಂದನ್ನೇ ಯಾರೋ ಸೊನ್ನೆ ಮಾಡಿರುತ್ತಾರೆ. ಇದ್ಯಾವುದೂ ಅಲ್ಲದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ, ವಿಂಡೋಸ್ ತಾನೇ ಡ್ರೈವರ್ ಹಾಕಿಕೊಳ್ಳುತ್ತದೆ. ಅಪ್‌ಡೇಟ್ ಆದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಹಳೇ ಡ್ರೈವರ್‌ಗೆ ಮರಳಲು ಅಲ್ಲೇ ರೋಲ್ ಬ್ಯಾಕ್ ಇದೆ. ಹೊಸ ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಸೈಟಿನಲ್ಲಿ ಮಾಡೆಲ್ ನಂಬರ್ ಹಾಕಿ ತಗೊಳ್ಳಿ. ಉಚಿತವಾಗಿ ಎಲ್ಲ ಡ್ರೈವರ್ ಅಪ್‌ಡೇಟ್ ಮಾಡುತ್ತೇವೆ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಕೆಟ್ಟ ಲ್ಯಾಪ್‌ಟಾಪ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಬ್ಲೂಟೂತ್‌ನದು ಬೇರೆಯೇ ಕಥೆ. ಆನ್‌ಲೈನ್ ಕ್ಲಾಸ್ ಶುರುವಾದ ತಕ್ಷಣ ಸೌಂಡ್ ಹಳೇ ಫೋನಿನ ಥರ ಆಗುತ್ತದೆ ಅಂತ ನನ್ನ ಅಕ್ಕನ ಮಗಳು ಹೆಡ್‌ಫೋನನ್ನೇ ಬೈಯುತ್ತಿದ್ದಳು. ಹೆಡ್‌ಫೋನ್ ತಪ್ಪು ಮಾಡಿರಲಿಲ್ಲ. ಅದರ ಮೈಕ್ ಆನ್ ಆದರೆ ಬ್ಲೂಟೂತ್ ಫೋನ್ ಕರೆಯ ವಿಧಾನಕ್ಕೆ ಬದಲಾಗುತ್ತದೆ. ಹಾಡಿಗೆ ಸೆಕೆಂಡಿಗೆ ದನಿಯ 44,100 ಮಾದರಿ (ಸ್ಯಾಂಪಲ್) ಹೋಗುತ್ತಿದ್ದ ಜಾಗದಲ್ಲಿ ಸಾಮಾನ್ಯವಾಗಿ 8,000 ಅಥವಾ 16,000 ಅಷ್ಟೇ ಹೋಗುತ್ತದೆ. ಮೀಟಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಮೈಕ್ ಎಂಬಲ್ಲಿ ಲ್ಯಾಪ್‌ಟಾಪಿನದೇ ಮೈಕ್ ಆರಿಸಿಕೊಟ್ಟೆ. ಮೇಷ್ಟ್ರ ದನಿ ತಿಳಿಯಾಯಿತು.

ಸೌಂಡ್ ಬರುತ್ತದೆ, ಆದರೆ ಗೊರ್ ಅನ್ನುತ್ತದೆ ಅಂದರೆ ಚಾರ್ಜರ್ ಕಿತ್ತು ನೋಡಿ. ಕಿತ್ತ ಕೂಡಲೇ ನಿಂತರೆ ಕರೆಂಟಿನ ಕಡೆಯ ತೊಂದರೆ. ಎಷ್ಟೋ ಹಳೇ ಹೆಂಚಿನ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥಿಂಗ್ ವೈರೇ ಇರುವುದಿಲ್ಲ. ಇದನ್ನು ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ, ಸೌಂಡಿಗಿಂತ ಜೀವಕ್ಕೆ ಅದು ಮುಖ್ಯ.

ಆಲೆಮನೆಯ ಯಜಮಾನರೊಬ್ಬರು ಲೆಕ್ಕ ಬರೆಯುವ ಲ್ಯಾಪ್‌ಟಾಪ್ ತಂದಿದ್ದರು, ದನಿ ಕಂಬಳಿಯೊಳಗಿಂದ ಬಂದ ಹಾಗೆ. ಬಹಳ ಲ್ಯಾಪ್‌ಟಾಪ್‌ಗಳಿಗೆ ಸ್ಪೀಕರ್ ಜಾಲರಿ ತಳದಲ್ಲೇ ಇರುತ್ತದೆ. ಕಬ್ಬಿನಹಾಲು ಕುದಿಯುವ ಹಬೆ, ರಚ್ಚಿನ (ಒಣಗಿದ ಕಬ್ಬಿನ ಸಿಪ್ಪೆಯ) ಧೂಳು ಸೇರಿ ಜಾಲರಿ ಅಂಟಾಗಿ ಮುಚ್ಚಿಹೋಗಿತ್ತು. ಒಣಗಿದ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದಕ್ಕೇ ಮುಕ್ಕಾಲು ಸರಿಹೋಯಿತು. ಸಣ್ಣ ಸೌಂಡಿನಲ್ಲಿ ಸರಿಯಿದ್ದು, ಜೋರು ಮಾಡಿದಾಗ ತಮಟೆಯಂಥ ದನಿಗೆ ಮಾತ್ರ ಪರಪರ ಅಂದು, ಅದೇ ಹಾಡು ಹೆಡ್‌ಫೋನ್‌ನಲ್ಲಿ ಚೊಕ್ಕವಾಗಿದ್ದರೆ ಸ್ಪೀಕರಿನ ಹಾಳೆ ಹರಿದಿದೆ. ಅದಕ್ಕೆ ಹೊಸ ಸ್ಪೀಕರೇ ಆಗಬೇಕು. ಜ್ಯಾಕ್ ಪೂರ್ತಿ ಹಾಳಾಗಿದ್ದು ಬಿಚ್ಚಿಸಲು ಈಗ ದುಡ್ಡಿಲ್ಲ ಅನ್ನುವ ವಿದ್ಯಾರ್ಥಿಗಳಿಗೆ ನಾನು ಯುಎಸ್‌ಬಿಗೆ ಹಾಕುವ ಪುಟ್ಟ ಸೌಂಡ್ ಕಾರ್ಡ್ ತಗೊಳ್ಳಿ ಅನ್ನುತ್ತೇನೆ. ಓದು ಮುಗಿಯುವವರೆಗೆ ಅದು ಚೆನ್ನಾಗಿಯೇ ನಡೆಯುತ್ತದೆ.

ಅಂಗಡಿಗೆ ತರುವುದೇ ಆದರೆ ಬರೀ ಲ್ಯಾಪ್‌ಟಾಪ್ ತರಬೇಡಿ. ತೊಂದರೆ ಕೊಡುತ್ತಿರುವ ಹೆಡ್‌ಫೋನು, ಚಾರ್ಜರ್ ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಬನ್ನಿ.