ಒಂದೇ ಬೆರಳಲ್ಲಿ ತೋರಿಸಿ: ಮಣಿಕಟ್ಟಿನ ನೋವು, ನನ್ನ ಅನುಭವ

ಮಣಿಕಟ್ಟು ನೋವು ಅಂತ ಬಂದವರನ್ನು ಕೂರಿಸಿ ನಾನು ಮೊದಲು ಕೇಳುವುದು ಇಷ್ಟೇ: "ಎಲ್ಲಿ ನೋಯುತ್ತದೆ, ಒಂದೇ ಬೆರಳಲ್ಲಿ ತೋರಿಸಿ." ಹೆಚ್ಚಿನವರು ಇಡೀ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದು "ಇಲ್ಲೆಲ್ಲಾ ಮೇಡಂ" ಅನ್ನುತ್ತಾರೆ. ನಾನು ಸುಮ್ನೆ ಕಾಯುತ್ತೇನೆ. ಕೈಯನ್ನು ಆಚೀಚೆ ತಿರುಗಿಸಿ, ಅಲ್ಲಲ್ಲಿ ಒತ್ತಿ ನೋಡಿಕೊಂಡು, ಕೊನೆಗೆ ಒಂದು ಜಾಗದಲ್ಲಿ ಬೆರಳಿಡುತ್ತಾರೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೆಸರು ಒಂದೇ ಆದರೂ ಮಣಿಕಟ್ಟಿನಲ್ಲಿ ಇರುವುದು ಹಲವು ಕೀಲು. ಮುಂಗೈಯ ಎರಡು ಮೂಳೆ, ಅವುಗಳ ಮುಂದೆ ಎರಡು ಸಾಲಲ್ಲಿ 8 ಪುಟ್ಟ ಮೂಳೆ. ಅವನ್ನು ಹಿಡಿದಿಡುವ ಲಿಗಮೆಂಟುಗಳು, ಸ್ನಾಯುಗಳನ್ನು ಮೂಳೆಗೆ ಸೇರಿಸುತ್ತಾ ಬೆರಳುಗಳಿಗೆ ಸಾಗುವ ಹುರಿಗಳಾದ ಟೆಂಡನ್ನುಗಳು, ನರಗಳು, ರಕ್ತನಾಳಗಳು. ಇಷ್ಟೂ ಒಂದು ಬಳೆಯೊಳಗಿನ ಜಾಗದಲ್ಲಿ. ಬೆರಳು ಒಂದು ಅಂಗುಲ ಸರಿದರೆ ತೊಂದರೆಯೇ ಬೇರೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬ ಹುಡುಗ ಬಂದ. ಫುಟ್‌ಬಾಲ್ ಆಡುವಾಗ ಅಂಗೈ ಊರಿ ಬಿದ್ದಿದ್ದ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ಬರೀ ಉಳುಕು ಅಂತ ಚೀಟಿಯಲ್ಲಿತ್ತು. ನಾನು ಚೀಟಿಯನ್ನು ನಂಬಿದೆ, ಕೈಯನ್ನು ಸರಿಯಾಗಿ ನೋಡಲಿಲ್ಲ. ಶಾಖ ಕೊಟ್ಟೆ, ವ್ಯಾಯಾಮ ಮಾಡಿಸಿದೆ. 5 ವಾರ ಕಳೆಯಿತು. ಊತ ಇಳಿದಿತ್ತು, ಆದರೆ ಅಂಗೈ ಊರಿದರೆ ನೋವು ಹಾಗೇ ಇತ್ತು. ಒಂದು ದಿನ ನಮ್ಮ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಅವನ ಹೆಬ್ಬೆರಳನ್ನು ಮೇಲೆತ್ತಿಸಿ, ಬುಡದಲ್ಲಿ ಬೀಳುವ ಗುಳಿಯನ್ನು ಒತ್ತಿದರು. ಹುಡುಗ ಕೈ ಎಳೆದುಕೊಂಡ. ಮತ್ತೆ ಎಕ್ಸ್‌ರೇ ತೆಗೆಸಿದಾಗ, ಆ 8 ಪುಟ್ಟ ಮೂಳೆಗಳಲ್ಲಿ ಒಂದಾದ ಸ್ಕೇಫಾಯ್ಡ್ ಮೂಳೆ ಅಡ್ಡಕ್ಕೆ ಮುರಿದಿದ್ದು ಸ್ಪಷ್ಟವಾಗಿ ಕಂಡಿತು. ಆಪರೇಷನ್ ಮಾಡಿ ಸ್ಕ್ರೂ ಹಾಕಬೇಕಾಯಿತು.

ಆ ಗುಳಿಗೆ ವೈದ್ಯರು ಸ್ನಫ್‌ಬಾಕ್ಸ್ ಅನ್ನುತ್ತಾರೆ. ನಶ್ಯ ಏರಿಸುವವರು ಚಿಟಿಕೆ ಪುಡಿ ಇಟ್ಟುಕೊಳ್ಳುತ್ತಿದ್ದ ಜಾಗ ಅದು. ಅದರ ತಳದಲ್ಲೇ ಸ್ಕೇಫಾಯ್ಡ್ ಇದೆ. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಒಳಹೊಕ್ಕು ಮುಂಗೈ ಕಡೆಗೆ ಹಿಮ್ಮುಖವಾಗಿ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಕಡಿಮೆಯಾಗುತ್ತದೆ. ಮೂಳೆ ಕೂಡಲು ತಡವಾಗುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ. ಆ ತುಂಡು ಸಾಯಲೂಬಹುದು. ವರ್ಷಗಳ ನಂತರ ಕೀಲು ಸವೆಯುತ್ತದೆ.

ಬಿದ್ದ ದಿನದ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. ಹಾಗಾಗಿ ಈಗ ನಾನು ಮೂರು ಕಡೆ ಪರೀಕ್ಷೆ ಮಾಡುತ್ತೇನೆ. ಆ ಗುಳಿ ಒತ್ತುತ್ತೇನೆ. ಅಂಗೈ ಕಡೆ ಹೆಬ್ಬೆರಳ ಬುಡದಲ್ಲಿರುವ ಗಂಟಿನಂಥ ಮೂಳೆ ಒತ್ತುತ್ತೇನೆ. ಹೆಬ್ಬೆರಳನ್ನು ಅದರ ಉದ್ದಕ್ಕೆ ಮಣಿಕಟ್ಟಿನ ಕಡೆ ಮೆಲ್ಲಗೆ ತಳ್ಳುತ್ತೇನೆ. ನೋವಿದ್ದರೆ, ಎಕ್ಸ್‌ರೇ ಏನೇ ಹೇಳಲಿ, ಮೂಳೆ ಮುರಿದಿದೆ ಅಂತಲೇ ಅಂದುಕೊಂಡು ಕೈಗೆ ಆಸರೆ ಹಾಕಿಸಿ ವೈದ್ಯರ ಹತ್ತಿರ ವಾಪಸ್ ಕಳಿಸುತ್ತೇನೆ. 10ರಿಂದ 14 ದಿನಕ್ಕೆ ಮತ್ತೊಂದು ಎಕ್ಸ್‌ರೇ, ಅಥವಾ ಸಾಧ್ಯವಿದ್ದರೆ ಬೇಗನೇ ಎಂಆರ್‌ಐ. ಎರಡು ವಾರ ಸುಮ್ನೆ ಪಟ್ಟಿ ಹಾಕಿಸಿಕೊಂಡೆ ಅಂತ ಕೆಲವರಿಗೆ ಬೇಸರವಾಗುತ್ತದೆ. ಆ ಬೇಸರ ನನಗೆ ಒಪ್ಪಿಗೆ.

ಬೆರಳು ಆ ಗುಳಿಗಿಂತ ಸ್ವಲ್ಪ ಹಿಂದೆ, ಮುಂಗೈ ಮೂಳೆಯ ಉಬ್ಬಿನ ಮೇಲೆ ನಿಂತರೆ ಕತೆ ಬೇರೆ. ಅಲ್ಲಿ ಹೆಬ್ಬೆರಳ ಎರಡು ಟೆಂಡನ್ನು ಒಂದು ಬಿಗಿ ಕೊಳವೆಯೊಳಗೆ ಸಾಗುತ್ತವೆ. ಕೊಳವೆಯ ಗೋಡೆ ದಪ್ಪವಾಗಿ ಬಿಗಿಯಾದರೆ ಹೆಬ್ಬೆರಳು ಎತ್ತಿದಾಗೆಲ್ಲ ನೋವು. ಸ್ವಿಸ್ ಸರ್ಜನ್ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ಇದನ್ನು ವಿವರಿಸಿದರು, ಅವರ ಹೆಸರೇ ಉಳಿಯಿತು. ನನ್ನ ಹತ್ತಿರ ಇದಕ್ಕೆ ಬರುವವರಲ್ಲಿ ಎಳೆ ಮಕ್ಕಳ ತಾಯಂದಿರು ಜಾಸ್ತಿ. ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟು ಕೈಯನ್ನು ಕಿರುಬೆರಳ ಕಡೆ ಬಾಗಿಸಿದರೆ ಜೀವ ಹೋದಂತೆ ನೋಯುತ್ತದೆ. ಆದರೆ ಈ ಪರೀಕ್ಷೆಯಲ್ಲಿ ಆರೋಗ್ಯವಂತರಿಗೂ ಸ್ವಲ್ಪ ಎಳೆತ ಇರುತ್ತದೆ. ಎರಡೂ ಕೈ ಹೋಲಿಸದೆ ತೀರ್ಮಾನ ಮಾಡಬಾರದು.

ಇವರಿಗೆ ಹೆಬ್ಬೆರಳನ್ನೂ ಹಿಡಿಯುವ ಸ್ಪ್ಲಿಂಟ್, ಅಂದರೆ ಅಲ್ಲಾಡದಂತೆ ಹಿಡಿದಿಡುವ ಆಸರೆ ಬೇಕು. ಮಣಿಕಟ್ಟಿಗೆ ಮಾತ್ರ ಹಾಕುವ ಪಟ್ಟಿ ಸಾಲದು. ಅದಕ್ಕಿಂತ ಮುಖ್ಯ, ಮಗುವನ್ನು ಎತ್ತುವ ರೀತಿ. ಕಂಕುಳಲ್ಲಿ ಹೆಬ್ಬೆರಳು ಚಾಚಿ ಎತ್ತಿದರೆ ಆ ಟೆಂಡನ್ನುಗಳ ಮೇಲೇ ಭಾರ. ಅಂಗೈ ಮೇಲ್ಮುಖ ಮಾಡಿ, ಒಂದು ಕೈ ಕುಂಡಿಯ ಕೆಳಗೆ, ಇನ್ನೊಂದು ಬೆನ್ನ ಹಿಂದೆ ಇಟ್ಟು, ಮುಂಗೈ ಮೇಲೆ ಭಾರ ತೆಗೆದುಕೊಂಡು ಎತ್ತಬೇಕು. ದಿಂಬು ಕೊಟ್ಟು ಅಲ್ಲೇ ಎತ್ತಿಸಿ ನೋಡುತ್ತೇನೆ. ಇದರಿಂದಲೂ ಕಡಿಮೆಯಾಗದಿದ್ದರೆ ವೈದ್ಯರು ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಅನೇಕರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಕೆಲವರಿಗೆ ಬೆರಳಿಟ್ಟು ತೋರಿಸಲು ಆಗುವುದೇ ಇಲ್ಲ. "ನೋವಲ್ಲ, ಜೋಮು" ಅನ್ನುತ್ತಾರೆ. ಅವರಿಗೆ ಕೈಯ ಚಿತ್ರ ಕೊಟ್ಟು ಜೋಮು ಹಿಡಿಯುವ ಕಡೆ ಗೀಚಲು ಹೇಳುತ್ತೇನೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳ ಅರ್ಧ ಗೀಚಿ ಕಿರುಬೆರಳು ಬಿಟ್ಟರೆ, ಜೊತೆಗೆ ರಾತ್ರಿ ಎದ್ದು ಕೈ ಕೊಡವುತ್ತೇನೆ ಅಂದರೆ, ಅದು ಬಹುಪಾಲು ಕಾರ್ಪಲ್ ಟನಲ್. ಅಂಗೈ ಬುಡದ ಸುರಂಗದಲ್ಲಿ 9 ಟೆಂಡನ್ನುಗಳ ಜೊತೆ ಹೋಗುವ ಮೀಡಿಯನ್ ನರ ಒತ್ತಿಕೊಂಡಿರುತ್ತದೆ. ರಾತ್ರಿ ಸ್ಪ್ಲಿಂಟ್ ಹಾಕಿ ಮಲಗಿದರೆ ಅನೇಕರಿಗೆ ಹಗುರವಾಗುತ್ತದೆ. ಆದರೆ ಒಂದು ಮಾತು. ಸಿದ್ಧ ಸ್ಪ್ಲಿಂಟುಗಳ ಒಳಗಿನ ಲೋಹದ ಪಟ್ಟಿ ಎಷ್ಟೋ ಸಲ ಹಿಂದಕ್ಕೆ ಬಾಗಿರುತ್ತದೆ. ಹಾಗೆ ಬಾಗಿದರೂ ಸುರಂಗದಲ್ಲಿ ಒತ್ತಡ ಏರುತ್ತದೆ. ನಾನು ಆ ಪಟ್ಟಿಯನ್ನು ಹೊರಗೆಳೆದು ನೇರ ಮಾಡಿ ಕೊಡುತ್ತೇನೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ ಅಂತಲೂ ಕೇಳುತ್ತೇನೆ. ಹೆಬ್ಬೆರಳ ಬುಡದ ಮಾಂಸ ಕರಗಿದ್ದರೆ, ಅಥವಾ ಜೋಮು ಹಗಲೂ ಬಿಡದಿದ್ದರೆ, ಸ್ಪ್ಲಿಂಟಿನಲ್ಲಿ ದಿನ ಕಳೆಯಬಾರದು. ಸರ್ಜನ್ ನೋಡಲೇಬೇಕು.

ಇನ್ನು ಬಿದ್ದು ಮುಂಗೈ ಮೂಳೆಯ ತುದಿ ಮುರಿದವರು. ನನ್ನ ದಿನದ ಬಹುಪಾಲು ಇವರ ಜೊತೆಗೇ. ಇಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಮಣಿಕಟ್ಟಲ್ಲ, ಬೆರಳುಗಳು. ಒಬ್ಬ ಹಿರಿಯ ತಾಯಿ 6 ವಾರ ಪ್ಲಾಸ್ಟರ್ ಹಾಕಿಕೊಂಡು ಕೈಯನ್ನು ಜೋಳಿಗೆಯಲ್ಲೇ ಇಟ್ಟಿದ್ದರು. "ಅಲ್ಲಾಡಿಸಿದರೆ ಮೂಳೆ ಜರುಗುತ್ತದೇನೋ ಅಂತ ಹೆದರಿಕೆ ಆಯ್ತಮ್ಮ" ಅಂದರು. ಬೆರಳುಗಳು ಕಟ್ಟಿಗೆಯಂತಾಗಿದ್ದವು. ಮೊದಲ ದಿನವೇ ಯಾರಾದರೂ ಎರಡು ನಿಮಿಷ ಕೂತು ಹೇಳಿದ್ದರೆ ಸಾಕಿತ್ತು: ಕೈಯನ್ನು ಎದೆಗಿಂತ ಮೇಲಿಡಿ, ಮುಷ್ಟಿ ಪೂರ್ತಿ ಕಟ್ಟಿ, ಪೂರ್ತಿ ಬಿಡಿಸಿ, ಹೆಬ್ಬೆರಳನ್ನು ಒಂದೊಂದು ಬೆರಳಿಗೂ ಮುಟ್ಟಿಸಿ, ಮೊಣಕೈ ಮತ್ತು ಭುಜ ಆಡಿಸಿ. ಪ್ಲಾಸ್ಟರ್ ಬೆರಳ ಬುಡದ ಗೆಣ್ಣುಗಳನ್ನು ಮುಚ್ಚಿದ್ದರೆ ಇದಾವುದೂ ಆಗುವುದಿಲ್ಲ, ಅದನ್ನು ಕತ್ತರಿಸಿ ಸರಿಮಾಡಿಸಬೇಕು. ಬೆರಳು ನೀಲಿಯಾದರೆ, ಮರಗಟ್ಟಿದರೆ, ನೋವು ಏರುತ್ತಲೇ ಇದ್ದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪ್ಲಾಸ್ಟರ್ ತೆಗೆದ ಮೇಲೆ ಎಲ್ಲರೂ ಮಾಡುವ ಒಂದು ತಪ್ಪಿದೆ. ಕೈ ಹಿಂದಕ್ಕೆ ಎತ್ತಿ ಅಂದರೆ ಬೆರಳು ನೆಟ್ಟಗೆ ಮಾಡಿ ಎತ್ತುತ್ತಾರೆ. ಆಗ ಕೆಲಸ ಮಾಡುವುದು ಬೆರಳು ಎತ್ತುವ ಸ್ನಾಯು. ಮುಷ್ಟಿ ಕಟ್ಟಿ ಎತ್ತಿದರೆ ಮಾತ್ರ ಮಣಿಕಟ್ಟಿನ ಸ್ನಾಯು ಎಚ್ಚರಗೊಳ್ಳುತ್ತದೆ. ಅಂಗೈ ಮೇಲೆ ಕೆಳಗೆ ತಿರುಗಿಸುವಾಗಲೂ ಅಷ್ಟೇ, ಮೊಣಕೈ ಪಕ್ಕೆಗೆ ಅಂಟಿರಬೇಕು. ಇಲ್ಲವಾದರೆ ಭುಜ ತಿರುಗುತ್ತದೆ, ಕೈ ಹಾಗೇ ಇರುತ್ತದೆ. ಸ್ಪಂಜಿನ ಚೆಂಡನ್ನು ನಾನು ಶುರುವಿನಲ್ಲಿ ಕೊಡುವುದಿಲ್ಲ. ಚೆಂಡು ನಡುವೆ ಇದ್ದರೆ ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ. ಮೊದಲು ಬೆರಳ ತುದಿ ಅಂಗೈ ಮುಟ್ಟಲಿ.

ವ್ಯಾಯಾಮದ ನಂತರ ಸ್ವಲ್ಪ ಹೊತ್ತು ನೋವಿದ್ದು ಇಳಿದರೆ ಸರಿ. ಮರುದಿನ ಕೈ ಊದಿಕೊಂಡಿದ್ದರೆ ಹಿಂದಿನ ದಿನ ಜಾಸ್ತಿ ಆಯಿತು ಅಂತ ಅರ್ಥ. ಉರಿ, ಬೆವರು, ಹೊಳೆಯುವ ಚರ್ಮ, ಮುಟ್ಟಿದರೆ ತಡೆಯಲಾಗದ ನೋವು ಕಂಡರೆ ನಾನು ಅದೇ ದಿನ ವೈದ್ಯರಿಗೆ ಹೇಳುತ್ತೇನೆ. ಹೆಬ್ಬೆರಳು ಇದ್ದಕ್ಕಿದ್ದಂತೆ ಮೇಲೇಳದಿದ್ದರೂ ಹಾಗೇ. ಮೂಳೆ ಜರುಗದ ಸಣ್ಣ ಮುರಿತದಲ್ಲೂ ವಾರಗಳ ನಂತರ ಹೆಬ್ಬೆರಳನ್ನು ಎತ್ತುವ ಟೆಂಡನ್ ಹರಿಯಬಹುದು. ನಿಂತಲ್ಲೇ ಜಾರಿ ಮಣಿಕಟ್ಟು ಮುರಿದುಕೊಂಡ 50 ದಾಟಿದವರಿಗೆ ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿ ಅಂತ ತಪ್ಪದೆ ಹೇಳುತ್ತೇನೆ.

ಕೈಯನ್ನು ಜೋಳಿಗೆಯಲ್ಲೇ ಇಟ್ಟಿದ್ದ ಆ ಹಿರಿಯ ತಾಯಿ ಈಗ 14ನೇ ವಾರದಲ್ಲಿದ್ದಾರೆ. ಬೆರಳುಗಳು ಅಂಗೈ ಮುಟ್ಟುತ್ತವೆ, ಕಿರುಬೆರಳು ಮಾತ್ರ ಇನ್ನೂ ಸ್ವಲ್ಪ ದೂರ. ಹಿಡಿತ ಅಳೆದಾಗ ಒಳ್ಳೆಯ ಕೈಯಲ್ಲಿ 18 ಕಿಲೋ, ಈ ಕೈಯಲ್ಲಿ 9. ನಿನ್ನೆ ಬಟ್ಟೆ ಹಿಂಡಿದೆ ಅಂತ ಹೇಳಿದರು. ಅಂಗೈ ಊರಿ ಕುರ್ಚಿಯಿಂದ ಏಳುವುದನ್ನು ಮುಂದಿನ ವಾರ ಶುರು ಮಾಡುತ್ತೇವೆ.